ಎಡಗೈಗೆ ಏನು ಕೊಡಬೇಕು?

ಹಳೆಯ ಯುರೋಪಿನ ಕತ್ತಿವರಸೆಯಲ್ಲಿ ಜೋಡಿ ಆಯುಧಗಳ ಆಯ್ಕೆ: ಉಪನ್ಯಾಸದ ಬರಹ ರೂಪ

1578ರ ಏಪ್ರಿಲ್ 27ರ ಬೆಳಗ್ಗೆ ಪ್ಯಾರಿಸ್ಸಿನ ಕುದುರೆ ಸಂತೆಯ ಬಯಲಿನಲ್ಲಿ ಕಡೆಗೆ ಮೂವರಂತೆ ಆರು ಜನ ಕತ್ತಿ ಹಿರಿದು ನಿಂತರು. ನಮಗೆ ಇಲ್ಲಿ ಬೇಕಾದವರು ಇಬ್ಬರೇ: ಫ್ರಾನ್ಸಿನ ರಾಜ ಮೂರನೆಯ ಹೆನ್ರಿಯ ಆಪ್ತನಾದ ಕೇಲ್ಯೂಸ್, ರಾಜನಿಗೆ ಎದುರಾದ ಗೀಸ್ ಬಣದ ಆಂತ್ರಾಗ್. ಇಬ್ಬರ ಬಲಗೈಯಲ್ಲೂ ರೇಪಿಯರ್, ಅಂದರೆ ಚುಚ್ಚಲು ಮಾಡಿದ ನೀಳ ಕತ್ತಿ, ಇತ್ತು. ಆಂತ್ರಾಗನ ಎಡಗೈಯಲ್ಲಿ ಬಾಕು, ಕೇಲ್ಯೂಸನ ಎಡಗೈ ಖಾಲಿ. ನಿನಗೆ ಬಾಕು ಇದೆ, ನನಗಿಲ್ಲ ಎಂದು ಕೇಲ್ಯೂಸ್ ತಕರಾರು ತೆಗೆದ. ಮನೆಯಲ್ಲಿ ಬಿಟ್ಟು ಬಂದದ್ದು ನಿನ್ನ ತಪ್ಪು, ನಾವು ಬಂದಿರುವುದು ಕಾದಾಡಲು, ನ್ಯಾಯ ಹೇಳಲು ಅಲ್ಲ ಎಂಬರ್ಥದ ಉತ್ತರ ಬಂತು. ಬರಿಗೈಯಿಂದಲೇ ಅಲಗನ್ನು ತಳ್ಳುತ್ತಾ ಹೋದ ಕೇಲ್ಯೂಸನ ಎಡಗೈ ಸೀಳಿಹೋಯಿತು. ಮೈಮೇಲೆ ಒಟ್ಟು 19 ಗಾಯ. ಸುಮಾರು ಒಂದು ತಿಂಗಳು ನರಳಿ ಸತ್ತ. ಆಂತ್ರಾಗನಿಗೆ ತರಚಿದಷ್ಟು ಗಾಯ.

ಒಂದು ಅಡಿ ಉದ್ದದ ಉಕ್ಕು ಮಾಡಿದ ವ್ಯತ್ಯಾಸ ಇದು. ಹಿಸ್ಟಾರಿಕಲ್ ಯುರೋಪಿಯನ್ ಮಾರ್ಷಲ್ ಆರ್ಟ್ಸ್, ಚಿಕ್ಕದಾಗಿ ಹೆಮಾ, ಅಂದರೆ ಯುರೋಪಿನ ಹಳೆಯ ಯುದ್ಧಕಲೆ, ಕಲಿಯಲು ಬರುವವರು ಮೊದಲ ತಿಂಗಳಲ್ಲೇ ಕೇಳುವ ಪ್ರಶ್ನೆಗೂ ಇದಕ್ಕೂ ನೇರ ಸಂಬಂಧವಿದೆ. ಬಾಕು ತೆಗೆದುಕೊಳ್ಳಲೋ, ಬಕ್ಲರ್ ಎಂಬ ಪುಟ್ಟ ಗುರಾಣಿ ತೆಗೆದುಕೊಳ್ಳಲೋ, ಎರಡು ಕತ್ತಿ ಹಿಡಿಯಲೋ? ಪ್ರಶ್ನೆ ಸರಿ, ಆದರೆ ಕೇಳುವ ಕ್ರಮ ತಿರುಗುಮುರುಗು. ಎಡಗೈಯ ಆಯುಧವನ್ನು ಅದರ ಅಂದ ನೋಡಿ ಆರಿಸುವುದಲ್ಲ. ಬಲಗೈಯಲ್ಲಿರುವ ಕತ್ತಿಯ ಹಿಡಿ ಎಂಥದು, ಅಲಗು ಎಷ್ಟು ಉದ್ದ ಎಂಬ ಎರಡು ಸಂಗತಿಗಳು ಎಡಗೈಗೆ ಏನು ಬೇಕೆಂದು ಹೇಳಿಬಿಡುತ್ತವೆ. ಇಂದಿನ ಮಾತೆಲ್ಲ ಅದರ ಸುತ್ತಲೇ.

ಮೊದಲು ಎಡಗೈಯ ಕೆಲಸ ಏನು ನೋಡೋಣ. ಒಂಟಿ ಕತ್ತಿಯವನಿಗೆ ತಡೆಯುವುದು ಒಂದು ಮಾತ್ರೆ, ಅಂದರೆ ಒಂದು ಚಲನೆಗೆ ಹಿಡಿಯುವ ಹೊತ್ತು, ತಿರುಗಿ ಹೊಡೆಯುವುದು ಇನ್ನೊಂದು ಮಾತ್ರೆ. ನುರಿತವನು ಎರಡನ್ನೂ ಒಂದರಲ್ಲೇ ಮುಗಿಸಬಲ್ಲ, ಆದರೆ ಅದಕ್ಕೆ ಎದುರಾಳಿಯ ಅಲಗು ಸರಿಯಾದ ಕೋನದಲ್ಲಿ ಸಿಗಬೇಕು. ಎಡಗೈಯಲ್ಲಿ ಏನಾದರೂ ಇದ್ದರೆ ಆ ಕೋನಕ್ಕಾಗಿ ಕಾಯಬೇಕಿಲ್ಲ. ಎಡಗೈ ತಡೆಯುವ ಹೊತ್ತಿಗೇ ಬಲಗೈ ಚುಚ್ಚಿರುತ್ತದೆ. ಲಾಭ ಇಷ್ಟೇ. ಇಷ್ಟು ಸಾಕು ಕೂಡ, ಏಕೆಂದರೆ ಕತ್ತಿ ಕಾಳಗದಲ್ಲಿ ಅರ್ಧ ಮಾತ್ರೆ ಎಂದರೆ ಬಹಳ.

ಲಾಭಕ್ಕೆ ಬೆಲೆಯೂ ಇದೆ. ಒಂಟಿ ರೇಪಿಯರ್ ಹಿಡಿದವನು ಮೈಯನ್ನು ಓರೆ ಮಾಡಿ, ಬಲಭುಜ ಮುಂದಿಟ್ಟು ನಿಲ್ಲುತ್ತಾನೆ. ಬಾಕು ಬಂದೊಡನೆ ಎಡಭುಜವೂ ಮುಂದೆ ಬರಬೇಕು, ಎದೆ ಎದುರಾಳಿಯತ್ತ ತೆರೆದುಕೊಳ್ಳುತ್ತದೆ. ಕತ್ತಿಯ ಚಾಚು ಅರ್ಧ ಗೇಣಿನಿಂದ ಒಂದು ಗೇಣಿನವರೆಗೆ ಕುಗ್ಗುತ್ತದೆ. ಒಂಟಿ ಕತ್ತಿಯ ಅಂತರದಲ್ಲೇ ನಿಂತು ಬಾಕು ಬೀಸುವವನ ಯಾವ ಪೆಟ್ಟೂ ಎದುರಾಳಿಗೆ ತಾಗುವುದಿಲ್ಲ. ಬಾಕಿನ ಆಟ ಅರ್ಧ ಹೆಜ್ಜೆ ಹತ್ತಿರದ ಆಟ.

ಈಗ ರೇಪಿಯರ್ ಮತ್ತು ಬಾಕಿನ ಜೋಡಿಯನ್ನೇ ಬಿಡಿಸಿ ನೋಡೋಣ. ಇಂದಿನ ಅಭ್ಯಾಸದ ರೇಪಿಯರಿನ ಅಲಗು ಸಾಮಾನ್ಯವಾಗಿ 100ರಿಂದ 110 ಸೆಂ.ಮೀ., ಒಟ್ಟು ತೂಕ ಒಂದು ಕಿಲೋದ ಆಚೀಚೆ, ಹೆಚ್ಚೆಂದರೆ 1.3 ಕಿಲೋ. ಬಾಕಿನ ಅಲಗು 28ರಿಂದ 35 ಸೆಂ.ಮೀ., ತೂಕ 350ರಿಂದ 500 ಗ್ರಾಂ. ಅದಕ್ಕಿಂತ ಹಗುರವಾದರೆ ರೇಪಿಯರಿನ ಒತ್ತಡಕ್ಕೆ ಮಣಿಕಟ್ಟು ತಿರುಚಿಕೊಳ್ಳುತ್ತದೆ. ಬಾಕಿನ ಅಡ್ಡಪಟ್ಟಿಯ ಒಂದು ಬದಿಯಲ್ಲಿ ಉಕ್ಕಿನ ಬಳೆ ಇರುತ್ತದೆ. ಆ ಬಳೆ ಬೆರಳ ಗೆಣ್ಣುಗಳ ಕಡೆಗೆ, ಅಂದರೆ ಎದುರಾಳಿಯ ಅಲಗು ಬರುವ ಕಡೆಗೆ ಇರಬೇಕು. ಹೊಸಬರಲ್ಲಿ ಅನೇಕರು ಅದನ್ನು ಅಂಗೈ ಕಡೆಗೆ ತಿರುಗಿಸಿ ಹಿಡಿಯುತ್ತಾರೆ, ಮೊದಲ ದಿನವೇ ಬೆರಳು ಊದಿಸಿಕೊಳ್ಳುತ್ತಾರೆ. ಹೆಬ್ಬೆರಳು ಅಲಗಿನ ಚಪ್ಪಟೆ ಮೈಮೇಲೆ, ಬುಡದಲ್ಲಿ ಒತ್ತಿರಲಿ. ಮುಷ್ಟಿ ಕಟ್ಟಿ ಹಿಡಿದರೆ ಬಾಕಿನ ಮೊನೆ ಎತ್ತ ತಿರುಗಿದೆ ಎಂಬುದು ಕೈಗೆ ಗೊತ್ತಾಗುವುದಿಲ್ಲ.

ತೋಳು ಹೆಚ್ಚುಕಡಿಮೆ ಪೂರ್ತಿ ಚಾಚಿರಲಿ, ಮುಷ್ಟಿ ಭುಜದ ಎತ್ತರದಲ್ಲಿ, ಮೊನೆ ಮೇಲಕ್ಕೆ, ತುಸು ಒಳವಾಲಿ. ಇಷ್ಟು ದೂರ ಚಾಚುವುದಕ್ಕೆ ಕಾರಣ ಸರಳ ಲೆಕ್ಕ. ಬರುವ ಮೊನೆಯನ್ನು ಮೈಯಿಂದ ಎರಡು ಅಡಿ ಮುಂದೆ ತಡೆದರೆ ನಾಲ್ಕು ಬೆರಳಿನಷ್ಟು ತಳ್ಳಿದರೂ ಅದು ಮೈಯನ್ನು ತಪ್ಪಿ ಹೋಗುತ್ತದೆ. ಎದೆಯ ಹತ್ತಿರ ತಡೆಯಲು ಹೋದರೆ ಒಂದು ಗೇಣು ತಳ್ಳಿದರೂ ಸಾಲದು. ಬಾಕನ್ನು ಎದೆಗವಚಿಕೊಂಡು ನಿಲ್ಲುವವನಿಗೆ ಬಾಕು ಇದ್ದೂ ಇಲ್ಲದಂತೆ.

ಒಂದು ಪಟ್ಟನ್ನು ಹತ್ತಿರದಿಂದ ನೋಡಿ. ಇಬ್ಬರೂ ಬಲಗೈಯವರು. ಎದುರಾಳಿಯ ರೇಪಿಯರ್ ನಿಮ್ಮ ಬಾಕಿನ ಎಡಪಕ್ಕದಿಂದ ನಿಮ್ಮ ಎಡಭುಜದತ್ತ ಬರುತ್ತಿದೆ. ಬಾಕಿನ ಬುಡದ ಭಾಗದಿಂದ ಆ ರೇಪಿಯರಿನ ತುದಿಯ ಭಾಗವನ್ನು ಎಡಕ್ಕೆ, ನಾಲ್ಕೇ ಬೆರಳು, ತಳ್ಳಿ. ಅಷ್ಟರಲ್ಲೇ ನಿಮ್ಮ ಬಲಗೈ ನೀಳವಾಗಿ ಅವನ ಮುಖದತ್ತ ಹೋಗಿರಬೇಕು. ಮೊದಲು ಕೈ, ಆಮೇಲೆ ಕಾಲು. ಕಾಲು ಮೊದಲಾದರೆ ಅವನ ಮೊನೆಯ ಮೇಲೆ ನೀವೇ ಹೋಗಿ ಬಿದ್ದಂತೆ. ಚುಚ್ಚಿದ ಮೇಲೂ ಬಾಕು ಅವನ ಅಲಗನ್ನು ಬಿಡಬಾರದು, ಹಿಂದಕ್ಕೆ ಸರಿಯುವವರೆಗೂ ಅಂಟಿಕೊಂಡೇ ಇರಬೇಕು. ತಾಗಿತು ಎಂದು ಎಡಗೈ ಸಡಿಲಿಸುವ ಕ್ಷಣದಲ್ಲಿ ಇಬ್ಬರಿಗೂ ಒಟ್ಟಿಗೆ ತಾಗುವ ಎಷ್ಟೋ ಜೋಡಿ ಪೆಟ್ಟುಗಳು ಆಗುತ್ತವೆ.

ಎಲ್ಲಿ ಕೆಡುತ್ತದೆ? ನಾಲ್ಕು ಬೆರಳಿನ ಜಾಗದಲ್ಲಿ ಒಂದು ಮೊಳ ಬೀಸಿದಾಗ. ಎದುರಾಳಿ ಎಡಪಕ್ಕದಲ್ಲಿ ಸುಳ್ಳು ಚುಚ್ಚು ತೋರಿಸುತ್ತಾನೆ, ನಿಮ್ಮ ಬಾಕು ಅದನ್ನು ಅಟ್ಟಿಕೊಂಡು ಹೋಗುತ್ತದೆ, ಅವನ ಮೊನೆ ನಿಮ್ಮ ಎಡ ಮುಷ್ಟಿಯ ಕೆಳಗಿನಿಂದ ನುಸುಳಿ ಬಾಕು ಮತ್ತು ಕತ್ತಿಯ ನಡುವಿನ ಹೊಂಡಕ್ಕೆ ಬೀಳುತ್ತದೆ. ಜೋಡಿ ಆಯುಧದವರ ಮೇಲೆ ಬೀಳುವ ಪೆಟ್ಟುಗಳಲ್ಲಿ ಬಹುಪಾಲು ಈ ಹೊಂಡದ್ದೇ. ಆದ್ದರಿಂದ ಎರಡು ಕೈಗಳ ನಡುವೆ ಒಂದು ಗೇಣಿಗಿಂತ ಹೆಚ್ಚು ಬಾಯಿ ಬಿಡಬಾರದು. ಇನ್ನೊಂದು ತಪ್ಪು, ತಲೆಯ ಮೇಲೆ ಬೀಳುವ ದಪ್ಪ ಕಡಿತವನ್ನು ಬಾಕೊಂದರಿಂದಲೇ ತಡೆಯಲು ಹೋಗುವುದು. ಬಾಕು ಮಣಿಯುತ್ತದೆ, ಎರಡೂ ಅಲಗು ಸೇರಿ ತಲೆಗೆ ಬಡಿಯುತ್ತವೆ. ಅಂಥ ಪೆಟ್ಟಿಗೆ ಕತ್ತಿಯ ಬುಡ, ಇಲ್ಲವೇ ಕತ್ತಿ ಮತ್ತು ಬಾಕು ಎರಡನ್ನೂ ಕತ್ತರಿ ಹಾಕಿ ತಡೆಯಬೇಕು.

ಬಾಕು ಇಷ್ಟು ಮುಂದೆ, ಇಷ್ಟು ಸ್ವತಂತ್ರವಾಗಿ ಹೋಗಲು ಸಾಧ್ಯವಾದದ್ದು ಏಕೆ ಎಂದು ಕೇಳಿಕೊಳ್ಳಿ. ರೇಪಿಯರಿನ ಹಿಡಿಯಲ್ಲಿ ಬಳೆ, ಬಟ್ಟಲು, ಬಾಗಿದ ಸಲಾಕೆ ಎಲ್ಲ ಸೇರಿ ಬಲಗೈಯನ್ನು ತಾವೇ ಕಾಯುತ್ತವೆ. ಎಡಗೈಗೆ ಆ ಕಾವಲಿನ ಹೊಣೆ ಇಲ್ಲ. ಅದಕ್ಕೆ ಮುನ್ನೂರು ವರ್ಷ ಹಿಂದೆ ಹೋದರೆ ಚಿತ್ರವೇ ಬೇರೆ.

ಲೀಡ್ಸ್ ನಗರದ ರಾಯಲ್ ಆರ್ಮರೀಸ್‌ನಲ್ಲಿ ಐ.33 ಎಂಬ ಗುರುತಿನ ಹಸ್ತಪ್ರತಿ ಇದೆ. 14ನೆಯ ಶತಮಾನದ ಆರಂಭದ್ದು, ಲ್ಯಾಟಿನ್ ಬರಹ, ಒಬ್ಬ ಪಾದ್ರಿ ಮತ್ತು ಅವನ ಶಿಷ್ಯ ಪುಟದ ಮೇಲೆ ಪುಟ ಕತ್ತಿ ಮತ್ತು ಬಕ್ಲರ್ ಹಿಡಿದು ಅಭ್ಯಾಸ ಮಾಡುವ ಚಿತ್ರಗಳು. ಕೊನೆಯ ಪುಟಗಳಲ್ಲಿ ವಾಲ್ಪುರ್ಗಿಸ್ ಎಂಬ ಹೆಂಗಸೂ ಬರುತ್ತಾಳೆ. ಚಿತ್ರಗಳಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುವುದು ಒಂದೇ: ಹೊಡೆಯುವಾಗ ಬಕ್ಲರ್ ಬಲ ಮುಷ್ಟಿಯನ್ನು ಬಿಟ್ಟಿರುವುದಿಲ್ಲ. ಆ ಕಾಲದ ಕತ್ತಿಯ ಹಿಡಿಗೆ ಇದ್ದದ್ದು ಬರೀ ಒಂದು ಅಡ್ಡಪಟ್ಟಿ. ಎದುರಾಳಿಗೆ ಎಲ್ಲಕ್ಕಿಂತ ಹತ್ತಿರ ಸಿಗುವ ಗುರಿ ನಿಮ್ಮ ಬಲಗೈ ಬೆರಳುಗಳು. ಅವನ್ನು ಕಾಯುವ ಬಟ್ಟಲೇ ಬಕ್ಲರ್, ಅದು ಕತ್ತಿಗೆ ಅಂಟಿಲ್ಲ, ಎಡಗೈಯಲ್ಲಿದೆ, ಅಷ್ಟೆ.

ವೀರಗಲ್ಲುಗಳಲ್ಲಿ ಗುರಾಣಿ ಹಿಡಿದ ವೀರರನ್ನು ನೋಡಿ ಬೆಳೆದ ನಮ್ಮ ಕಣ್ಣಿಗೆ ಗುರಾಣಿ ಎಂದರೆ ಮೈ ಮರೆಮಾಡುವ ವಸ್ತು. ಬಕ್ಲರ್ ಆ ಜಾತಿಯದ್ದಲ್ಲ. 25ರಿಂದ 35 ಸೆಂ.ಮೀ. ಅಡ್ಡಳತೆ, ಮಧ್ಯದ ಗುಬ್ಬಿಯ ಹಿಂದೆ ಮುಷ್ಟಿಗೆ ಒಂದು ಹಿಡಿ. ಊಟದ ತಟ್ಟೆಯಷ್ಟು ಅಗಲದ ಇದರ ಹಿಂದೆ ಯಾರೂ ಅಡಗಲಾರರು. ಆದರೆ ತೋಳು ಚಾಚಿ ಹಿಡಿದಾಗ, ಕಣ್ಣಿನ ಹತ್ತಿರ ಹಿಡಿದ ನಾಣ್ಯ ಸೂರ್ಯನನ್ನೇ ಮುಚ್ಚುವಂತೆ, ಅದು ಎದುರಾಳಿಯ ದಾರಿಯನ್ನು ದೊಡ್ಡದಾಗಿ ಮುಚ್ಚುತ್ತದೆ. ತೂಕ ಒಂದೂವರೆ ಕಿಲೋ ದಾಟಿದರೆ ಐದು ನಿಮಿಷದಲ್ಲಿ ತೋಳು ಇಳಿಯುತ್ತದೆ, ತೋಳು ಇಳಿದ ಬಕ್ಲರ್ ನಿಮ್ಮ ಹೊಟ್ಟೆಯನ್ನಷ್ಟೇ ಕಾಯುತ್ತದೆ. ಹೊಸಬರ ಇನ್ನೊಂದು ಅಭ್ಯಾಸ, ಹೊಡೆಯುವಾಗ ಎರಡು ಕೈಗಳನ್ನೂ ಜೋಡಿ ಬಾಗಿಲು ತೆರೆದಂತೆ ಬೇರೆ ಮಾಡುವುದು. ಬಲಗೈ ಮುಂದೆ, ಬಕ್ಲರ್ ಪಕ್ಕಕ್ಕೆ. ಆ ಕ್ಷಣಕ್ಕೆ ಬೆರಳಿಗೆ ಪೆಟ್ಟು ಖಾತ್ರಿ. ಅಭ್ಯಾಸಕ್ಕೆ ಒಂದು ಉಪಾಯ: ಬಲ ಮಣಿಕಟ್ಟಿಗೂ ಬಕ್ಲರಿನ ಅಂಚಿಗೂ ಒಂದು ಗೇಣು ದಾರ ಕಟ್ಟಿ ನಿಧಾನವಾಗಿ ನೂರು ಸಲ ಕಡಿಯಿರಿ. ದಾರ ಬಿಗಿಯಾದಾಗಲೆಲ್ಲ ತಪ್ಪು ಗೊತ್ತಾಗುತ್ತದೆ.

ಅಲಗುಗಳು ಒಂದಕ್ಕೊಂದು ಕಚ್ಚಿಕೊಂಡಾಗ ಬಕ್ಲರಿನ ಎರಡನೆಯ ಕೆಲಸ ಶುರು. ಐ.33 ಇದನ್ನು ಶಿಲ್ಟ್‌ಸ್ಲಾಕ್ ಎನ್ನುತ್ತದೆ: ಬಕ್ಲರಿನಿಂದ ಎದುರಾಳಿಯ ಕತ್ತಿ ಕೈಯನ್ನೂ ಬಕ್ಲರನ್ನೂ ಒಟ್ಟಿಗೆ ಒತ್ತಿ ಕಟ್ಟಿಹಾಕಿ, ನಿಮ್ಮ ಕತ್ತಿಯನ್ನು ಬಿಡಿಸಿಕೊಂಡು ಹೊಡೆಯುವುದು. ಹಿಡಿ ಸೇರಿ 90 ಸೆಂ.ಮೀ. ಆಸುಪಾಸಿನ ಕತ್ತಿಗೆ ಇದು ಸಲೀಸು. 120 ಸೆಂ.ಮೀ. ರೇಪಿಯರಿಗೆ ಅಷ್ಟು ಹತ್ತಿರದಲ್ಲಿ ಮೊನೆ ತಿರುಗಿಸಲು ಜಾಗವೇ ಸಿಗುವುದಿಲ್ಲ. ರೇಪಿಯರ್ ಜೊತೆ ಬಕ್ಲರ್ ಹಿಡಿದವರಿಗೆ ಇತಿಹಾಸದಲ್ಲಿ ಕೊರತೆ ಇಲ್ಲ, ಆದರೆ ಆ ಜೋಡಿಯಲ್ಲಿ ಬಕ್ಲರಿನ ಅರ್ಧ ವಿದ್ಯೆ ಕೆಲಸವಿಲ್ಲದೆ ಕೂರುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಅಲಗಿನ ಉದ್ದದ ಮಾತು ಬಂದಾಗ ಜಾರ್ಜ್ ಸಿಲ್ವರ್‌ನನ್ನು ಬಿಟ್ಟು ಮುಂದೆ ಹೋಗಲಾಗದು. 1599ರಲ್ಲಿ ಲಂಡನ್ನಿನಲ್ಲಿ ತನ್ನ ಪುಸ್ತಕ ಅಚ್ಚು ಹಾಕಿಸಿದ ಈ ಆಂಗ್ಲ, ಇಟಲಿಯ ರೇಪಿಯರ್ ಗುರುಗಳನ್ನು ಕಂಡರೆ ಕೆಂಡ ಕಾರುತ್ತಿದ್ದವನು. ಅವನ ಸಿಟ್ಟನ್ನು ಬದಿಗಿಟ್ಟು ಅವನ ಅಳತೆಯನ್ನು ಮಾತ್ರ ತೆಗೆದುಕೊಳ್ಳೋಣ. ಎಡಗೈಯ ಬಾಕನ್ನು ಪೂರ್ತಿ ಮುಂದೆ ಚಾಚಿ. ಬಲತೋಳನ್ನು ಆರಾಮಾಗಿ ಎಷ್ಟು ಹಿಂದಕ್ಕೆ ಎಳೆಯಬಹುದೋ ಅಷ್ಟು ಎಳೆಯಿರಿ. ಕತ್ತಿಯ ಮೊನೆ ಬಾಕಿನಿಂದ ಒಳಗೆ ಬಂತೇ? ಬಂದರೆ ಅದು ನಿಮ್ಮ ಮೈಕಟ್ಟಿಗೆ ತಕ್ಕ ಉದ್ದ. ಬಾರದಿದ್ದರೆ, ಎದುರಾಳಿ ಒಮ್ಮೆ ನಿಮ್ಮ ಮೊನೆ ದಾಟಿ ಒಳಗೆ ನುಗ್ಗಿದಾಗ ಕತ್ತಿಯನ್ನು ಬಿಡಿಸಿಕೊಳ್ಳಲು ಹಿಂದೆ ಹೆಜ್ಜೆ ಹಾಕಲೇಬೇಕು. ಮಧ್ಯಮ ಎತ್ತರದವರಿಗೆ ಈ ಅಳತೆ ಒಂದು ಮೀಟರಿನೊಳಗೇ ನಿಲ್ಲುತ್ತದೆ, ಮಾರುಕಟ್ಟೆಯ ಬಹುಪಾಲು ರೇಪಿಯರುಗಳು ಅದನ್ನು ಮೀರಿವೆ. ಉದ್ದದ ರೇಪಿಯರ್ ಕೊಳ್ಳಬೇಡಿ ಎಂದಲ್ಲ. ಕೊಂಡರೆ ಹತ್ತಿರದ ಜಗಳವನ್ನು ಬಾಕೇ ನಿಭಾಯಿಸಬೇಕು, ಬಾಕಿನಿಂದ ಚುಚ್ಚುವುದನ್ನೂ ಕಲಿಯಬೇಕು.

ಸಿಲ್ವರ್ ಯಾವ ಜೋಡಿ ಯಾವುದಕ್ಕಿಂತ ಮೇಲು ಎಂದು ಒಂದು ಏಣಿಯನ್ನೇ ಕಟ್ಟಿದ್ದಾನೆ. ಕೆಳಗಿನ ಮೆಟ್ಟಿಲು ರೇಪಿಯರ್. ಅದರ ಮೇಲೆ ಕತ್ತಿ ಮತ್ತು ಬಾಕು, ಅದರ ಮೇಲೆ ಕತ್ತಿ ಮತ್ತು ದೊಡ್ಡ ಗುರಾಣಿ, ಅದಕ್ಕೂ ಮೇಲೆ ಕತ್ತಿ ಮತ್ತು ಬಕ್ಲರ್, ಆಮೇಲೆ ಎರಡು ಕೈಯ ಕತ್ತಿ, ಹೀಗೆ ಮೇಲೇರಿ ದೊಣ್ಣೆ, ಈಟಿಗಳವರೆಗೆ. ದೊಡ್ಡ ಗುರಾಣಿಗಿಂತ ಬಕ್ಲರನ್ನು ಮೇಲಿಟ್ಟದ್ದನ್ನು ಗಮನಿಸಿ. 55-60 ಸೆಂ.ಮೀ. ಅಗಲದ ರೊಟೆಲ್ಲಾ ಎಂಬ ದುಂಡು ಗುರಾಣಿ ಹಿಡಿದವರಿಗೆ ಇದರ ಕಾರಣ ತಾನಾಗಿ ಅರ್ಥವಾಗುತ್ತದೆ. ರೊಟೆಲ್ಲಾ ಮೈಯನ್ನು ಚೆನ್ನಾಗಿ ಮುಚ್ಚುತ್ತದೆ, ಜೊತೆಗೆ ನಿಮ್ಮ ಕಣ್ಣನ್ನೂ ಮುಚ್ಚುತ್ತದೆ. ಮುಖಕ್ಕೆ ಒಂದು ಹುಸಿ ಚುಚ್ಚು ತೋರಿಸಿದರೆ ಸಾಕು, ಅದು ಮೇಲೇರುತ್ತದೆ, ಮುಂದಿನ ಕಾಲು ಬಯಲಾಗುತ್ತದೆ. ತೋಳಿಗೆ ಎರಡು ಪಟ್ಟಿಗಳಿಂದ ಕಟ್ಟಿರುವುದರಿಂದ ಬಕ್ಲರಿನಂತೆ ಮುಂದೆ ಚಾಚಲೂ ಆಗದು.

ಮೇಲಂಗಿಯನ್ನು, ಅಂದರೆ ಕ್ಲೋಕನ್ನು, ಆಯುಧ ಎಂದರೆ ಕೆಲವರು ನಗುತ್ತಾರೆ. ಊರಲ್ಲಿ ನಡೆದಾಡುವವನ ಮೈಮೇಲೆ ಬಕ್ಲರ್ ಇರದಿದ್ದರೂ ಕ್ಲೋಕ್ ಇರುತ್ತಿತ್ತು, ಹಾಗಾಗಿ ಗುರುಗಳು ಅದನ್ನು ಗಂಭೀರವಾಗಿಯೇ ಕಲಿಸಿದರು. ಅದನ್ನು ಎಡ ಮುಂಗೈಗೆ ಎರಡು ಸುತ್ತು ಸುತ್ತಿ ಉಳಿದದ್ದನ್ನು ಜೋಲಲು ಬಿಡಬೇಕು. ಸುತ್ತಿದ ಭಾಗ ಕೈಯನ್ನು ಅಷ್ಟಿಷ್ಟು ಕಾಯುತ್ತದೆ, ಜೋಲುವ ಭಾಗ ಅಲಗಿನ ವೇಗವನ್ನು ನುಂಗುತ್ತದೆ. ಇಲ್ಲಿ 1570ರಲ್ಲಿ ಬರೆದ ಇಟಲಿಯ ಗುರು ಜಾಕೊಮೊ ದಿ ಗ್ರಾಸಿಯ ಎಚ್ಚರಿಕೆ ಚಿನ್ನದಂಥದು: ಜೋಲುವ ಬಟ್ಟೆಯ ಹಿಂದೆ ಗಟ್ಟಿ ವಸ್ತು ಇರಬಾರದು. ಗಾಳಿಯಲ್ಲಿ ತೂಗುವ ಬಟ್ಟೆ ಕಡಿತವನ್ನು ತಡೆಯುತ್ತದೆ, ಕಾಲಿಗೆ ತಾಗಿ ನಿಂತ ಬಟ್ಟೆ ಕಾಲಿನ ಜೊತೆಗೇ ಕತ್ತರಿಸಿಹೋಗುತ್ತದೆ. ಆದ್ದರಿಂದ ಕ್ಲೋಕ್ ಹಿಡಿದವನು ಆ ಬದಿಯ ಕಾಲನ್ನು ಹಿಂದಿಡಬೇಕು. ಅಭ್ಯಾಸಕ್ಕೆ ದಪ್ಪ ಉಣ್ಣೆ ಬಟ್ಟೆಯೇ ಬೇಕು, ತೆಳು ಹತ್ತಿ ಬಟ್ಟೆ ಪಟಪಟ ಎನ್ನುತ್ತದೆಯೇ ಹೊರತು ಅಲಗನ್ನು ಹಿಡಿಯುವುದಿಲ್ಲ.

ಎರಡು ಕತ್ತಿಯ ಜೋಡಿ ಬಗ್ಗೆ ಕೇಳುವವರೇ ಜಾಸ್ತಿ, ಸಿನಿಮಾದ ಕೃಪೆ. 1536ರಲ್ಲಿ ಇಟಲಿಯ ಮೊದೆನಾದಲ್ಲಿ ಅಚ್ಚಾದ ಅಕಿಲೆ ಮರೋತ್ಸೋನ ಪುಸ್ತಕದಲ್ಲಿ ಅದೂ ಇದೆ, ದಿ ಗ್ರಾಸಿಯೂ ಹೇಳುತ್ತಾನೆ. ಆದರೆ ಎಡಗೈ ಬಲಗೈಯಷ್ಟೇ ಪಳಗಿರದವನು ಅದರ ತಂಟೆಗೆ ಹೋಗಬಾರದು ಎಂದೇ ಶುರು ಮಾಡುತ್ತಾನೆ. ನಿಜವಾದ ಕಷ್ಟ ಎಡಗೈಯ ಬಲದ್ದಲ್ಲ, ಜಾಗದ್ದು. ಎರಡು ನೀಳ ಅಲಗುಗಳು ಒಂದರ ದಾರಿಗೆ ಒಂದು ಅಡ್ಡ ಬರುತ್ತವೆ. ಒಂದು ಚುಚ್ಚುವಾಗ ಇನ್ನೊಂದು ಕಾಯಬೇಕು, ಎರಡೂ ಒಟ್ಟಿಗೆ ಚುಚ್ಚಿದರೆ ಕಾವಲು ಯಾವುದೂ ಉಳಿಯುವುದಿಲ್ಲ. ಒಂಟಿ ಕತ್ತಿಯನ್ನು ಆರು ತಿಂಗಳು ಎಡಗೈಯಲ್ಲೇ ಆಡಿ, ಆಮೇಲೆ ಮಾತಾಡೋಣ.

ದ್ವಂದ್ವದಲ್ಲಿ ಆಯುಧ ಆರಿಸುವುದು ಎಂದರೆ ತನಗೆ ಹಿತವಾದದ್ದನ್ನು ತೆಗೆದುಕೊಳ್ಳುವುದಷ್ಟೇ ಆಗಿರಲಿಲ್ಲ, ಎದುರಾಳಿಯ ಬಲವನ್ನು ಕಸಿಯುವುದೂ ಆಗಿತ್ತು. 1547ರ ಜುಲೈ 10ರಂದು ಸೇಂಟ್ ಜರ್ಮೇನ್ ಆನ್ ಲೇ ಎಂಬಲ್ಲಿ, ಫ್ರಾನ್ಸಿನ ರಾಜ ಎರಡನೆಯ ಹೆನ್ರಿಯ ಸಮ್ಮುಖದಲ್ಲಿ, ಜಾರ್ನಾಕ್ ಮತ್ತು ಲಾ ಶಾತೆನ್ಯೆರೆ ಕಾದಾಡಿದರು. ಲಾ ಶಾತೆನ್ಯೆರೆ ಹೆಸರಾಂತ ಕುಸ್ತಿಪಟು. ಆಯುಧ ಆರಿಸುವ ಹಕ್ಕು ಜಾರ್ನಾಕನದು. ಅವನು ಇಬ್ಬರಿಗೂ ಎಡತೋಳು ಮಡಿಸಲಾಗದಂಥ ಕವಚ ತೊಡಬೇಕೆಂದು ಹಟ ಹಿಡಿದ. ಮೊಣಕೈ ಮಡಿಯದಿದ್ದರೆ ಹಿಡಿದು ಕೆಡವುವ ಮಾತೆಲ್ಲಿ? ಕಾಳಗ ಕತ್ತಿಗೇ ಸೀಮಿತವಾಯಿತು, ಜಾರ್ನಾಕ್ ಮಂಡಿಯ ಹಿಂಬದಿಯನ್ನು ಕಡಿದು ಗೆದ್ದ.

ಈಗಿನ ಅಖಾಡದಲ್ಲಿ ಪ್ರಾಣದ ಮಾತಿಲ್ಲ, ಆದರೆ ಜೋಡಿ ಆಯುಧಕ್ಕೆ ಬೇರೆಯೇ ಜಾಗ್ರತೆ ಬೇಕು. ಬಾಕಿನ ಅಲಗು ಗಿಡ್ಡ, ಹಾಗಾಗಿ ರೇಪಿಯರಿನಂತೆ ಬಾಗುವುದಿಲ್ಲ. ಹತ್ತಿರದಲ್ಲಿ ಓಡಿ ಬಂದು ತಾಗಿದರೆ ತಾಗಿದವನ ಪೂರ್ತಿ ತೂಕ ಆ ಮೊನೆಯ ಮೇಲೆ. ಮೊನೆ ಸುರುಳಿ ಮಡಿಸಿದ್ದಾಗಿರಬೇಕು, ಇಲ್ಲವೇ ದಪ್ಪ ರಬ್ಬರ್ ಟೊಪ್ಪಿ ಇರಬೇಕು. ಉಕ್ಕು ರಬ್ಬರನ್ನು ತೂತು ಮಾಡಿದೆಯೇ ಎಂದು ಪ್ರತಿ ಆಟಕ್ಕೂ ಮುಂಚೆ ಒತ್ತಿ ನೋಡಬೇಕು. ಮಾಸ್ಕ್, ತಲೆಯ ಹಿಂಬದಿಯ ರಕ್ಷೆ, ಗಟ್ಟಿ ಗಂಟಲ ಪಟ್ಟಿ, 350 ಅಥವಾ 800 ನ್ಯೂಟನ್ ಬಲದ ಚುಚ್ಚನ್ನು ತಡೆಯುವ ಜಾಕೆಟ್ ಎಲ್ಲರಿಗೂ ಗೊತ್ತು. ಕೈಗವಸಿನ ಆಯ್ಕೆಯಲ್ಲಿ ಮಾತ್ರ ಮತ್ತೆ ಹಿಡಿಯೇ ತೀರ್ಮಾನ ಮಾಡುತ್ತದೆ. ಬಟ್ಟಲು ಹಿಡಿಯ ರೇಪಿಯರಿನೊಳಗೆ ದಪ್ಪ ಗವಸು ತೂರುವುದೇ ಇಲ್ಲ, ತೆಳುವಾದದ್ದು ಸಾಕು. ಅಡ್ಡಪಟ್ಟಿಯ ಕತ್ತಿಗೆ ಬೆರಳು ಬೆರಳಿಗೂ ಗಟ್ಟಿ ಕವಚದ ಗವಸು ಬೇಕೇ ಬೇಕು. ಬಾಕಿನ ಕೈಗೂ ಅದೇ.

ಬೇರೆ ಬೇರೆ ಆಯುಧಗಳನ್ನು ಎದುರುಬದುರು ಆಡಿಸುವಾಗ ಒಂದೂವರೆ ಕಿಲೋದ ಲಾಂಗ್‌ಸೋರ್ಡನ್ನು, ಅಂದರೆ ಎರಡೂ ಕೈಯಲ್ಲಿ ಹಿಡಿಯುವ ಉದ್ದ ಕತ್ತಿಯನ್ನು, ತೆಳು ರೇಪಿಯರಿಗೆ ಎದುರು ಬಿಡಬೇಡಿ. ಸೋಲು ಗೆಲುವು ಆಮೇಲಿನದು, ರೇಪಿಯರಿನ ಅಲಗು ಮುರಿದರೆ ಉಳಿಯುವುದು ಚೂಪಾದ ತುಂಡು. ಉಕ್ಕಿನ ಬಕ್ಲರಿಗೆ ಬಡಿದ ಅಲಗಿನ ಅಂಚಿನಲ್ಲಿ ಮುಳ್ಳಿನಂಥ ಗೀರು ಏಳುತ್ತದೆ, ಅದು ಜಾಕೆಟ್ಟನ್ನೂ ಚರ್ಮವನ್ನೂ ಹರಿಯುತ್ತದೆ. ಅರದಿಂದ ಉಜ್ಜಿ ತೆಗೆದು, ಒರೆಸಿ, ಎಣ್ಣೆ ಸವರಿ ಇಡಿ. ಮಂಗಳೂರಿನ ಕಡೆಯ ಮಳೆಗಾಲದಲ್ಲಿ ಎಣ್ಣೆ ಹಚ್ಚದ ಅಲಗು ಒಂದೇ ರಾತ್ರಿಯಲ್ಲಿ ಕೆಂಪಾಗುತ್ತದೆ.

ಅಂಕದ ನಿಯಮ ಬರೆಯುವವರಿಗೂ ಒಂದು ಮಾತು. ಬಾಕಿನ ಚುಚ್ಚಿಗೆ ಅಂಕವಿಲ್ಲ ಎಂದರೆ ಎದುರಾಳಿ ಹೆದರಿಕೆ ಇಲ್ಲದೆ ಮೈಮೇಲೆ ಬೀಳುತ್ತಾನೆ, ಆಟ ತಳ್ಳಾಟವಾಗುತ್ತದೆ.

ಕೊನೆಗೆ, ಇಷ್ಟು ಹೊತ್ತೂ ಇಬ್ಬರೂ ಬಲಗೈಯವರು ಎಂದುಕೊಂಡೇ ಮಾತಾಡಿದೆವು. ಎದುರಿಗಿರುವವನು ಎಡಚನಾದರೆ ಲೆಕ್ಕವೆಲ್ಲ ತಿರುಗುತ್ತದೆ. ಇಬ್ಬರು ಬಲಗೈಯವರಲ್ಲಿ ಒಬ್ಬನ ಕತ್ತಿಗೆ ಇನ್ನೊಬ್ಬನ ಬಾಕು ಎದುರು. ಎಡಚನ ಮುಂದೆ ಕತ್ತಿಗೆ ಕತ್ತಿ ಎದುರು, ಬಾಕಿಗೆ ಬಾಕು ಎದುರು. ಬಾಕುಗಳೆರಡೂ ಎದುರಾಳಿಯ ಅಲಗು ಬಾರದ ಬದಿಯಲ್ಲಿ ಸುಮ್ಮನೆ ನಿಂತುಬಿಡುತ್ತವೆ. ಆಗ ಮೊದಲ ಕೆಲಸ ಬಲಗೈಯದು: ನಿಮ್ಮ ಅಲಗಿನ ಬುಡದಿಂದ ಅವನ ಅಲಗಿನ ತುದಿಯನ್ನು ಹಿಡಿದು, ನಿಮ್ಮ ಎದೆಯ ಮುಂದಿನಿಂದ ಎಡಕ್ಕೆ ಸಾಗಿಸಿ. ಎಡಗಾಲಿನಿಂದ ಒಂದು ಹೆಜ್ಜೆ ಮುಂದಿಟ್ಟು ಅದೇ ಅಲಗನ್ನು ಬಾಕಿಗೆ ಒಪ್ಪಿಸಿ. ಕೈಯಿಂದ ಕೈಗೆ ದಾಟುವಾಗ ಒಂದು ಕ್ಷಣ ಎರಡೂ ಆಯುಧಗಳು ಅವನ ಅಲಗನ್ನು ಮುಟ್ಟಿರಬೇಕು. ಕತ್ತಿಯನ್ನು ಬೇಗ ಬಿಟ್ಟರೆ ಅವನ ಮೊನೆ ನೇರ ಎದೆಗೆ. ಬಾಕು ಅದನ್ನು ಗಟ್ಟಿಯಾಗಿ ಹಿಡಿಯಿತು ಎಂದು ಹೆಬ್ಬೆರಳಿಗೆ ಗೊತ್ತಾದ ಮೇಲೆಯೇ ಬಲಗೈ ಬಿಡಿಸಿಕೊಂಡು ಚುಚ್ಚಲಿ.